ಉಡುಪಿ–ಮಲ್ಪೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು: ಮಠ, ಆಟ, ಹಳೆ ಮನೆ, ಮಗ್ಗ, ಕಡಲು

ನನ್ನ ಊರು ಉಡುಪಿ, ಕೆಲಸ ಬೆಂಗಳೂರಿನಲ್ಲಿ. ಸಾಲು ರಜೆ ಹತ್ತಿರ ಬಂದರೆ ಸಾಕು, ಆಫೀಸಿನಲ್ಲೋ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಯಾರಾದರೂ ಕೇಳಿಯೇ ಕೇಳುತ್ತಾರೆ: "ಉಡುಪಿಗೆ ಹೊರಟಿದ್ದೀವಿ, ಏನೇನು ನೋಡ್ಬೇಕು?" ಬೀಚು, ರೆಸಾರ್ಟ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಬರೆದಿರುವುದು ಊರಿನ ಕಲೆ, ಆಚರಣೆ, ಹಳೆ ಕಟ್ಟಡ, ಕಸುಬುಗಳ ಬಗ್ಗೆ. ನನ್ನ ಮಾತು ಒಂದೇ: ಉಡುಪಿಗೆ ಹೋಗುವ ಮುಂಚೆ ಹೋಟೆಲ್ ನೋಡಬೇಡಿ, ಕ್ಯಾಲೆಂಡರ್ ನೋಡಿ. ಇಲ್ಲಿನ ಒಳ್ಳೆಯದೆಲ್ಲ ಯಾವುದೋ ಒಂದು ತಿಂಗಳಿಗೆ, ಯಾವುದೋ ಒಂದು ಹೊತ್ತಿಗೆ ಕಟ್ಟುಬಿದ್ದಿದೆ.

ಶನಿವಾರ, ಭಾನುವಾರ ಎರಡು ದಿನ ಸಾಕಾಗುತ್ತಾ?

ಊರಿನೊಳಗಿನದು, ಮಲ್ಪೆ, ಮಣಿಪಾಲ ಇಷ್ಟಕ್ಕೆ ಸಾಕು. ಆದರೆ ಎರಡೂ ರಾತ್ರಿ ಅಲ್ಲೇ ಇರುವ ಹಾಗೆ ನೋಡಿಕೊಳ್ಳಿ. ಬೆಂಗಳೂರಿನಿಂದ ಬರುವವರು ಸಾಮಾನ್ಯವಾಗಿ ಬೆಳಗ್ಗೆ ಮಠ, ಮಧ್ಯಾಹ್ನ ಊಟ, ಸಂಜೆ ಬೀಚು, ರಾತ್ರಿ ಬಸ್ಸು ಅಂತ ಓಡುತ್ತಾರೆ. ಊರಿನ ಕಲೆ ಶುರುವಾಗುವುದೇ ಅವರ ಬಸ್ಸು ಹೊರಡುವ ಹೊತ್ತಿಗೆ. ಆಟ (ಯಕ್ಷಗಾನ) ರಾತ್ರಿ, ಕೋಲ (ದೈವದ ಸೇವೆ) ರಾತ್ರಿ, ರಥಬೀದಿಯಲ್ಲಿ ಉತ್ಸವ ರಾತ್ರಿ. ಕಾರ್ಕಳ, ಮೂಡುಬಿದಿರೆ, ಬಾರ್ಕೂರು, ಕೋಟ ಕೂಡ ಸೇರಿಸುವುದಾದರೆ ನಾಲ್ಕು ದಿನ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಹೇಗೆ ಹೋಗುವುದು ಒಳ್ಳೆಯದು?

ರಸ್ತೆಯಲ್ಲಿ ಸುಮಾರು 400 ಕಿ.ಮೀ. ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ನನಗೆ ರೈಲೇ ಇಷ್ಟ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಗಿನ ಜಾವ ಉಡುಪಿ ತಲುಪುತ್ತದೆ. ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಪೇಟೆಗೆ ಆಟೋದಲ್ಲಿ ಹತ್ತು ನಿಮಿಷ. ಸ್ನಾನ ಮುಗಿಸಿ ಬೆಳಗಿನ ಪೂಜೆಯ ಹೊತ್ತಿಗೆ ಮಠದಲ್ಲಿರಬಹುದು. ಟಿಕೆಟ್ ಮಾತ್ರ ಬೇಗ ಖಾಲಿಯಾಗುತ್ತದೆ. ಸ್ವಂತ ಕಾರಿನಲ್ಲಿ ಮಳೆಗಾಲದಲ್ಲಿ ಹೊರಟರೆ ಶಿರಾಡಿ ಘಾಟಿಯ ಸ್ಥಿತಿ ವಿಚಾರಿಸಿಕೊಂಡು ಹೊರಡಿ.

ಕೃಷ್ಣ ಮಠದಲ್ಲಿ ದರ್ಶನ ಬಿಟ್ಟು ನೋಡುವುದು ಏನಿದೆ?

ತುಂಬ ಇದೆ. ಮೊದಲು ರಥಬೀದಿಯನ್ನು ಒಂದು ಸುತ್ತು ಸುಮ್ನೆ ನಡೆಯಿರಿ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು. ಇವು ಕೃಷ್ಣ ಮಠಕ್ಕಿಂತ ಹಳೆಯವು. ಊರಿನ ರೂಢಿಯಂತೆ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಸುತ್ತ ಎಂಟು ಮಠಗಳು: ಪೇಜಾವರ, ಪಲಿಮಾರು, ಅದಮಾರು, ಪುತ್ತಿಗೆ, ಸೋದೆ, ಕಾಣಿಯೂರು, ಶಿರೂರು, ಕೃಷ್ಣಾಪುರ. ಕೆಲವು ಮಠಗಳ ಮುಂಭಾಗದ ಮರದ ಕಂಬ, ಜಗಲಿ ನಿಂತು ನೋಡುವಂಥವು.

ಕೃಷ್ಣನನ್ನು ಇಲ್ಲಿ 13ನೇ ಶತಮಾನದಲ್ಲಿ ಪ್ರತಿಷ್ಠೆ ಮಾಡಿದವರು ಮಧ್ವಾಚಾರ್ಯರು. ಕೈಯಲ್ಲಿ ಕಡೆಗೋಲು, ಹಗ್ಗ ಹಿಡಿದ ಬಾಲಕೃಷ್ಣ. ಮೂರ್ತಿ ಬಂದದ್ದು ಕಡಲಿನಿಂದ ಅಂತ ಕಥೆ. ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿದ ಹಡಗನ್ನು ಆಚಾರ್ಯರು ದಡ ಸೇರಿಸಿದರು. ಪ್ರತಿಯಾಗಿ ಅವರು ಕೇಳಿದ್ದು ಹಡಗಿನಲ್ಲಿದ್ದ ಗೋಪೀಚಂದನದ ಗಡ್ಡೆ. ಅದರೊಳಗೆ ಈ ಮೂರ್ತಿ ಇತ್ತು. ಜೊತೆಗೆ ಸಿಕ್ಕ ಬಲರಾಮ ಮಲ್ಪೆಯ ವಡಭಾಂಡೇಶ್ವರದಲ್ಲೇ ಉಳಿದ. ಹಾಗಾಗಿ ಮಠ ನೋಡಿದವರು ಮಲ್ಪೆಗೆ ಹೋದಾಗ ಆ ಗುಡಿಗೂ ಹೋಗಿ ಬನ್ನಿ. ಕಥೆ ಪೂರ್ತಿಯಾಗುತ್ತದೆ.

ದರ್ಶನ ಆಗುವುದು ಬೆಳ್ಳಿ ಹೊದಿಸಿದ ಒಂಬತ್ತು ಕಂಡಿಗಳ ಕಿಟಕಿಯಿಂದ. ಅದು ನವಗ್ರಹ ಕಿಂಡಿ. ಹೊರಗೆ ಪಶ್ಚಿಮಕ್ಕೆ ಇರುವುದು ಕನಕನ ಕಿಂಡಿ. ಒಳಗೆ ಬಿಡದಿದ್ದಾಗ ಕನಕದಾಸರು ಹೊರಗೇ ನಿಂತು ಹಾಡಿದರು, ಕೃಷ್ಣ ಅವರ ಕಡೆ ತಿರುಗಿದ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆ ಕಿಂಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಇವತ್ತಿಗೂ ಬೀದಿಯಲ್ಲಿ ಹೋಗುವ ಹೂವಿನವರು, ಆಟೋದವರು ಅಲ್ಲೇ ನಿಂತು ಕೈಮುಗಿದು ಕೆಲಸಕ್ಕೆ ಹೋಗುತ್ತಾರೆ.

ಗಂಡಸರು ಒಳಗೆ ಹೋಗುವಾಗ ಅಂಗಿ ತೆಗೆಯಬೇಕಾಗುತ್ತದೆ. ಶಾರ್ಟ್ಸ್ ಬೇಡ. ಪಂಚೆ, ಸೀರೆ, ಚೂಡಿದಾರ ಏನಾದರೂ ಸರಿ.

ಪರ್ಯಾಯ ಅಂತ ಕೇಳ್ತೀವಲ್ಲ, ಅದು ಯಾವಾಗ? ಅಷ್ಟು ಜನಜಂಗುಳಿಯಲ್ಲಿ ಹೋಗಬೇಕಾ?

ಒಮ್ಮೆಯಾದರೂ ಹೋಗಲೇಬೇಕು. ಕೃಷ್ಣನ ಪೂಜೆಯ ಹೊಣೆ ಎಂಟು ಮಠಗಳಿಗೆ ಸರದಿಯಂತೆ ಬರುತ್ತದೆ, ಒಬ್ಬೊಬ್ಬರಿಗೆ ಎರಡು ವರ್ಷ. ಈ ಎರಡು ವರ್ಷದ ಪದ್ಧತಿ ತಂದವರು ಸೋದೆಯ ವಾದಿರಾಜರು, 16ನೇ ಶತಮಾನದಲ್ಲಿ. ಅಧಿಕಾರ ಹಸ್ತಾಂತರ ಆಗುವುದು ಸಮಸಂಖ್ಯೆಯ ವರ್ಷಗಳ ಜನವರಿ 18ರಂದು. 2024ರದ್ದು ಪುತ್ತಿಗೆ ಮಠದ ಸರದಿ, 2026ರದ್ದು ಶಿರೂರು ಮಠದ್ದು, 2028ರದ್ದು ಸೋದೆ ಮಠದ್ದು.

17ರ ರಾತ್ರಿ ಊರು ಮಲಗುವುದಿಲ್ಲ. ಪೀಠ ಏರುವ ಸ್ವಾಮಿಗಳು ಕಾಪು ಹತ್ತಿರದ ದಂಡತೀರ್ಥದಲ್ಲಿ ಸ್ನಾನ ಮಾಡಿ ಜೋಡುಕಟ್ಟೆಗೆ ಬರುತ್ತಾರೆ. ಅಲ್ಲಿಂದ ಮೆರವಣಿಗೆ. ಚೆಂಡೆ, ಕೊಂಬು, ಹುಲಿವೇಷ, ಸ್ತಬ್ಧಚಿತ್ರ, ಭಜನೆ ತಂಡಗಳು ಬೆಳಗಿನ ಜಾವದ ಚಳಿಯಲ್ಲಿ ಸಾಲಾಗಿ ಬರುತ್ತವೆ. ಮಠದಲ್ಲಿ ಹಿಂದಿನ ಸ್ವಾಮಿಗಳು ಹೊಸಬರ ಕೈಗೆ ಅಕ್ಷಯ ಪಾತ್ರೆ ಮತ್ತು ಸಟ್ಟುಗ ಕೊಡುತ್ತಾರೆ. ಅಧಿಕಾರ ಅಂದರೆ ಇಲ್ಲಿ ಮೊದಲು ಅನ್ನ ಬಡಿಸುವ ಹೊಣೆ. ಈ ಮಾತು ನನಗೆ ತುಂಬ ದೊಡ್ಡದು ಅನ್ನಿಸುತ್ತದೆ.

ಜನಜಂಗುಳಿ ಆಗದವರಿಗೆ ಇನ್ನೊಂದು ದಾರಿ ಇದೆ. ಪರ್ಯಾಯದ ತಯಾರಿ ಸುಮಾರು ಒಂದು ವರ್ಷ ಮೊದಲೇ ಶುರುವಾಗುತ್ತದೆ: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಕಟ್ಟಿಗೆ ಮುಹೂರ್ತ ಆದ ಮೇಲೆ ಮಧ್ವ ಸರೋವರದ ಪಕ್ಕ ಹೋಗಿ ನೋಡಿ. ಎರಡು ವರ್ಷದ ಅಡುಗೆಗೆ ಬೇಕಾದ ಸೌದೆಯನ್ನು ತೇರಿನ ಆಕಾರದಲ್ಲಿ ಪೇರಿಸುತ್ತಾರೆ. ಕೆಳಗೆ ಅಗಲವಾದ ಪೀಠ, ಅದರ ಮೇಲೆ ಒಂದೊಂದೇ ಸೌದೆ ಬಾಗುತ್ತಾ ಸುತ್ತುತ್ತಾ ದುಂಡಗೆ ಏರಿ ತುದಿಯಲ್ಲಿ ಶಿಖರ. ಹತ್ತಿರ ನಿಂತರೆ ಹಸಿ ಮರದ ವಾಸನೆ ಬರುತ್ತದೆ, ಸೌದೆಯ ಕೊಯ್ದ ತುದಿಗಳು ಮೀನಿನ ಹುರುಪೆಯ ಹಾಗೆ ಒಂದರ ಪಕ್ಕ ಒಂದು ಕೂತಿರುತ್ತವೆ. ಇದನ್ನು ಕಟ್ಟುವವರು ಯಾವ ನಕ್ಷೆಯನ್ನೂ ಹರಡಿಕೊಂಡು ಕೂರುವುದಿಲ್ಲ, ಕಣ್ಣಳತೆಯೇ ಎಲ್ಲ. ಉರಿಸಲಿಕ್ಕೆ ಇರುವ ಸೌದೆಗೆ ಇಷ್ಟು ಚಂದದ ಕೆಲಸ. ಪ್ರವಾಸಿಗರು ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ, ಅದೇ ಬೇಜಾರು.

ಬೇರೆ ಯಾವ ಹಬ್ಬಗಳಿಗೆ ಬರಬಹುದು?

ನನ್ನನ್ನು ಕೇಳಿದರೆ ವಿಟ್ಲಪಿಂಡಿ. ಕೃಷ್ಣಾಷ್ಟಮಿಯ ಮರುದಿನ ಕೃಷ್ಣನ ಮಣ್ಣಿನ ಮೂರ್ತಿಯನ್ನು ರಥದಲ್ಲಿ ಮೆರೆಸಿ ಮಧ್ವ ಸರೋವರದಲ್ಲಿ ವಿಸರ್ಜನೆ ಮಾಡುತ್ತಾರೆ. ರಥಬೀದಿಯಲ್ಲಿ ಗೊಲ್ಲರ ವೇಷದವರು ಮೊಸರು ಕುಡಿಕೆ ಒಡೆಯುತ್ತಾರೆ. ಉಂಡೆ, ಚಕ್ಕುಲಿ ಹಂಚುತ್ತಾರೆ. ಒಂದು ಎಚ್ಚರ: ಉಡುಪಿಯಲ್ಲಿ ಅಷ್ಟಮಿ ಸೌರಮಾನದ ಲೆಕ್ಕದಲ್ಲಿ. ಕೆಲವು ವರ್ಷ ಬೆಂಗಳೂರಿನ ಅಷ್ಟಮಿಗೂ ಇಲ್ಲಿನದಕ್ಕೂ ತಿಂಗಳಷ್ಟು ವ್ಯತ್ಯಾಸ ಬರುತ್ತದೆ. ಮಠದ ದಿನಾಂಕ ನೋಡಿಯೇ ಟಿಕೆಟ್ ಮಾಡಿ.

ಆ ಎರಡು ದಿನ ಊರಿನ ತುಂಬ ಹುಲಿಗಳು. ಮೈಗೆಲ್ಲ ಹಳದಿ, ಕಪ್ಪು ಬಣ್ಣ ಬಳಿದು, ಪಟ್ಟೆ ಬರೆದು, ತಾಸೆಯ ಬಡಿತಕ್ಕೆ ಕುಣಿಯುವ ಹುಲಿವೇಷ. ಬಣ್ಣ ಬಳಿಯುವುದಕ್ಕೇ ರಾತ್ರಿಯೆಲ್ಲ ಬೇಕು. ಬಣ್ಣ ಒಣಗುವವರೆಗೆ ಕೈಕಾಲು ಅಗಲಿಸಿ ನಿಂತೇ ಇರುತ್ತಾರೆ. ಕುಣಿಯುವ ಮುಂಚೆ ಊದು ಪೂಜೆ. ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವವರನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಹರಕೆ ಹೊತ್ತು ವೇಷ ಹಾಕುವವರೂ ಇದ್ದಾರೆ, ವೇಷ ಹಾಕಿ ಬಂದ ಹಣವನ್ನು ಮಕ್ಕಳ ಚಿಕಿತ್ಸೆಗೆ ಕೊಡುವವರೂ ಇದ್ದಾರೆ. ಫೋಟೋ ತೆಗೆದರೆ ಕೈಲಾದಷ್ಟು ದುಡ್ಡು ಕೊಡಿ.

ಮಳೆಗಾಲದಲ್ಲಿ ತೇರು ಎಳೆಯುವುದಿಲ್ಲ. ಕಾರ್ತಿಕದ ಉತ್ಥಾನ ದ್ವಾದಶಿಗೆ ಮತ್ತೆ ಶುರು. ಆಗಲೇ ಲಕ್ಷದೀಪೋತ್ಸವ, ರಥಬೀದಿಯ ಉದ್ದಕ್ಕೂ ಹಣತೆ. ಮಕರ ಸಂಕ್ರಾಂತಿಯ ರಾತ್ರಿ ಮೂರು ತೇರು ಒಟ್ಟಿಗೆ ಹೊರಡುತ್ತವೆ, ಮರುದಿನ ಹಗಲು ಚೂರ್ಣೋತ್ಸವ. ಸಂಕ್ರಾಂತಿ ರಜೆಗೆ ಬರುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಯಕ್ಷಗಾನ ಎಲ್ಲಿ ನೋಡಬಹುದು? ಟಿಕೆಟ್ ಇದೆಯಾ?

ಊರಿನಲ್ಲಿ ಎಲ್ಲರೂ ಆಟ ಅಂತಾರೆ. "ಇವತ್ತು ಆಟ ಎಲ್ಲಿ?" ಅಂತ ಕೇಳಿದರೆ ಅಂಗಡಿಯವರೂ ಹೇಳುತ್ತಾರೆ. ಮೇಳಗಳ, ಅಂದರೆ ಆಟದ ತಂಡಗಳ, ತಿರುಗಾಟ ದೀಪಾವಳಿ ಕಳೆದ ಮೇಲೆ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಯವರೆಗೆ (ತುಳುನಾಡಿನಲ್ಲಿ ಆಟ, ಕೋಲಗಳು ನಿಲ್ಲುವ ದಿನ) ನಡೆಯುತ್ತದೆ. ಮಂದಾರ್ತಿ, ಕಟೀಲು ಮೇಳಗಳದ್ದು ಹರಕೆ ಆಟ. ಯಾರೋ ಹರಕೆ ಹೊತ್ತು ತಮ್ಮ ಮನೆಯ ಮುಂದೆಯೋ ಗದ್ದೆಯಲ್ಲೋ ಆಡಿಸುತ್ತಾರೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು, ಎಷ್ಟೋ ಕಡೆ ಊಟವನ್ನೂ ಹಾಕುತ್ತಾರೆ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಡೇರೆ ಕಟ್ಟಿ ಟಿಕೆಟ್ ಇಟ್ಟು ಆಡುವ ಮೇಳಗಳಾಗಿ ಹೆಸರು ಮಾಡಿದವು.

ಆಟಕ್ಕೆ ಎರಡು ಶೈಲಿ: ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು, ದಕ್ಷಿಣಕ್ಕೆ ತೆಂಕುತಿಟ್ಟು. ಎರಡರ ವೇಷ, ಕುಣಿತ, ಚೆಂಡೆಯ ನುಡಿ ಎಲ್ಲ ಬೇರೆ. ಬಡಗಿನಲ್ಲಿ ಮುಂಡಾಸು, ತೆಂಕಿನಲ್ಲಿ ಕಿರೀಟ ಮತ್ತು ಗಿರ್ರನೆ ಸುತ್ತುವ ಕುಣಿತ. ಉಡುಪಿ ಎರಡರ ನಡುವೆ ಇರುವುದರಿಂದ ಎರಡೂ ಸಿಗುತ್ತವೆ.

ಆಟ ಶುರುವಾಗುವ ಮುಂಚೆ ಒಂದು ಗಂಟೆ ಬೇಗ ಹೋಗಿ. ಚೌಕಿಯ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದ, ಬಾಗಿಲಲ್ಲಿ ನಿಂತು ಕೇಳಿದರೆ ಸಾಮಾನ್ಯವಾಗಿ ನೋಡಲು ಬಿಡುತ್ತಾರೆ. ಚಪ್ಪಲಿ ಹೊರಗೆ ಬಿಡಿ, ಒಳಗೆ ಗಣಪತಿಯ ಪೂಜೆ ನಡೆಯುವ ಜಾಗ ಅದು. ಎರಡು ಸಾಲಿನಲ್ಲಿ ಕಲಾವಿದರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು, ತಮ್ಮ ಮುಖ ತಾವೇ ಬರೆದುಕೊಳ್ಳುತ್ತಿರುತ್ತಾರೆ. ತೆಂಕಿನ ಬಣ್ಣದ ವೇಷ ಸಿಕ್ಕಿದರೆ ಅದೃಷ್ಟ. ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿದ ಬಿಳಿ ಹಿಟ್ಟನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಸಾಲು. ಗಂಟೆಗಟ್ಟಲೆ ಕೆಲಸ. ಅಷ್ಟು ಹೊತ್ತು ಮುಖ ಆಡಿಸುವಂತಿಲ್ಲ, ಮಾತಿಲ್ಲ. ನಿಮ್ಮ ಕಣ್ಣೆದುರೇ ಮನುಷ್ಯನ ಮುಖ ಮರೆಯಾಗಿ ರಾಕ್ಷಸನ ಮುಖ ಮೂಡುತ್ತದೆ. ಇದನ್ನು ನೋಡಿ ರಂಗಸ್ಥಳದ ಮುಂದೆ ಕೂತವರಿಗೆ ಆ ವೇಷದ ಪ್ರವೇಶ ಬೇರೆಯದೇ ರೀತಿಯಲ್ಲಿ ಕಾಣುತ್ತದೆ.

ರಾತ್ರಿಯಿಡೀ ಕೂರಬೇಕಾ? ನಮಗೆ ಅರ್ಥ ಆಗುತ್ತಾ?

ಈಗ ಕಾಲಮಿತಿಯ ಆಟಗಳು ಜಾಸ್ತಿ, ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಆದರೂ ಬೆಳಗಿನವರೆಗೆ ನಡೆಯುವ ಆಟ ಸಿಕ್ಕಿದರೆ ಒಂದು ರಾತ್ರಿ ಕೊಟ್ಟುಬಿಡಿ. ನಡುವೆ ತೂಕಡಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಚೆಂಡೆ ಏರಿದಾಗ ತಾನಾಗಿ ಎಚ್ಚರವಾಗುತ್ತದೆ.

ಅರ್ಥ ಆಗುತ್ತಾ ಅಂತ ಬೆಂಗಳೂರಿನವರು ಕೇಳಿದಾಗ ನನಗೆ ಆಶ್ಚರ್ಯ. ಬಡಗಿನ ಆಟ ಪೂರ್ತಿ ಕನ್ನಡ, ಅದೂ ಇಂಗ್ಲಿಷಿನ ಒಂದು ಪದ ನುಸುಳದ ಕನ್ನಡ. ತೆಂಕಿನಲ್ಲಿ ಕೆಲವು ಪ್ರಸಂಗ ತುಳುವಿನಲ್ಲಿ ಇರುತ್ತವೆ, ಮೊದಲೇ ಕೇಳಿಕೊಳ್ಳಿ. ಭಾಗವತರು ಹಾಡುವ ಪದ್ಯ ಬರೆದಿಟ್ಟದ್ದು. ಆದರೆ ವೇಷಧಾರಿಗಳು ಆಡುವ ಮಾತು ಯಾರೂ ಬರೆದುಕೊಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಇಬ್ಬರು ಒಳ್ಳೆಯ ಅರ್ಥಧಾರಿಗಳು (ಹೀಗೆ ಮಾತು ಆಡುವವರು) ಎದುರುಬದುರಾದರೆ ಕೃಷ್ಣ ಸಂಧಾನದಂಥ ಪ್ರಸಂಗ ಪ್ರತಿ ರಾತ್ರಿಯೂ ಹೊಸದು. ಪ್ರಸಂಗದ ಕಥೆ ಮೊದಲೇ ಓದಿಕೊಂಡು ಹೋದರೆ ಮಾತಿನ ಮೇಲೆ ಗಮನ ಇಡಬಹುದು.

ಕಲಿಯುವವರನ್ನು ನೋಡಬೇಕೆಂದರೆ ಇಂದ್ರಾಳಿಯ ಯಕ್ಷಗಾನ ಕೇಂದ್ರ ಇದೆ. ಶಿವರಾಮ ಕಾರಂತರ ಪ್ರಯೋಗಗಳಿಗೆ ನೆಲೆಯಾದ ಸಂಸ್ಥೆ. ಹುಡುಗರು ಅಲ್ಲೇ ಉಳಿದು ಹೆಜ್ಜೆ, ತಾಳ, ಬಣ್ಣ ಎಲ್ಲ ಕಲಿಯುತ್ತಾರೆ. ಹೋಗುವ ಮುಂಚೆ ಹೇಳಿ ಹೋಗಿ. ಮಕ್ಕಳು ಜೊತೆಗಿದ್ದರೆ ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಗೊಂಬೆಮನೆಯನ್ನು ಬಿಡಬೇಡಿ. ಕೊಗ್ಗ ಕಾಮತರ ಮನೆತನದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯಕ್ಷಗಾನ ಬೊಂಬೆಯಾಟ ಅಲ್ಲಿದೆ.

ಭೂತ ಕೋಲ ನೋಡಲು ಹೋಗಬಹುದಾ? ಎಲ್ಲಿ ಬುಕ್ ಮಾಡುವುದು?

ಬುಕ್ ಮಾಡುವಂಥದ್ದಲ್ಲ. ಅದು ಒಂದು ಮನೆತನದ, ಒಂದು ಊರಿನ ದೈವದ ಸೇವೆ. ಮಳೆ ಮುಗಿದ ಮೇಲೆ ಶುರುವಾಗಿ ಬೇಸಿಗೆಯವರೆಗೆ ನಡೆಯುತ್ತದೆ. ಊರಿನಲ್ಲಿ ಗೊತ್ತಿರುವವರು ಕರೆದರೆ ಹೋಗಿ. ಹೋದರೆ ಹತ್ತಿರದವರು ಹೇಳಿದ ಜಾಗದಲ್ಲಿ ನಿಲ್ಲಿ, ಚಪ್ಪಲಿ ಬಿಡಿ. ದೈವದ ಮುಖಕ್ಕೆ ಫ್ಲಾಷ್ ಹೊಡೆಯಬೇಡಿ. ಎಷ್ಟೋ ಕಡೆ ಫೋಟೋ, ವಿಡಿಯೋ ಎರಡೂ ಬೇಡ ಅಂತಲೇ ಇದೆ. ದೈವದ ಕಥೆಯ ಹಾಡಾದ ಪಾಡ್ದನ ಹೇಳುವಾಗ, ಕಾಲಿಗೆ ಗಗ್ಗರ ಕಟ್ಟುವಾಗ ಸದ್ದು ಮಾಡಬೇಡಿ. ತೆಂಗಿನ ಸಿರಿಯ ಉಡುಗೆ, ಬೆನ್ನಿಗೆ ಕಟ್ಟುವ ಅಣಿ ಎಲ್ಲ ನೋಡಲು ಅದ್ಭುತ, ನಿಜ. ಆದರೆ ಅಲ್ಲಿ ಕೈಮುಗಿದು ನಿಂತ ಅಜ್ಜಿ ತನ್ನ ಮನೆಯ ಕಷ್ಟ ಹೇಳಿಕೊಳ್ಳಲು ಬಂದವಳು. ಆಮೇಲೆ ಬೆಂಗಳೂರಿಗೆ ವಾಪಸ್ ಬಂದು ದೈವದ ಕೂಗನ್ನು ರೀಲ್ಸ್‌ನಲ್ಲಿ ಅಣಕ ಮಾಡುವುದನ್ನು ದಯವಿಟ್ಟು ಮಾಡಬೇಡಿ. ನಮಗೆ ನಿಜವಾಗಿ ನೋವಾಗುತ್ತದೆ.

ಮಣಿಪಾಲದ ಹೆರಿಟೇಜ್ ವಿಲೇಜ್ ಅಂದರೆ ಏನು? ದುಡ್ಡು ಕೊಟ್ಟು ಹೋಗುವಷ್ಟು ಚೆನ್ನಾಗಿದೆಯಾ?

ಉಡುಪಿಯಲ್ಲಿ ಹಗಲು ಹೊತ್ತು ಒಂದೇ ಒಂದು ಜಾಗಕ್ಕೆ ಹೋಗಲು ಸಾಧ್ಯ ಅಂದರೆ ನಾನು ಹೇಳುವುದು ಇದನ್ನೇ. ಹೆಸರು ಹಸ್ತಶಿಲ್ಪ. ಕಟ್ಟಿದವರು ವಿಜಯನಾಥ ಶೆಣೈ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು. ಹಳೆಯ ಮನೆಗಳನ್ನು ಕೆಡವಿ ಮರ ಮಾರುತ್ತಿದ್ದ ಕಾಲದಲ್ಲಿ ಅವರು ಆ ಮನೆಗಳನ್ನೇ ಬಿಡಿಸಿ, ಕಂಬ, ತೊಲೆ, ಬಾಗಿಲು ಜೋಪಾನವಾಗಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು.

ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ದಖ್ಖನಿ ನವಾಬರ ಮಹಲ್ ಎಲ್ಲ ಒಂದೇ ಆವರಣದಲ್ಲಿವೆ. ಕರಾವಳಿಯ ಮನೆಯಿಂದ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ ಉತ್ತರ ಕರ್ನಾಟಕದ ಮನೆ. ಮಳೆ ಜಾಸ್ತಿ ಇರುವ ಕಡೆ ಮಾಡು ಎಷ್ಟು ಕೆಳಗಿಳಿಯುತ್ತದೆ, ಬಿಸಿಲಿನ ನಾಡಿನಲ್ಲಿ ಗೋಡೆ ಎಷ್ಟು ದಪ್ಪ ಅನ್ನುವುದು ಯಾರೂ ಹೇಳದೇ ಗೊತ್ತಾಗುತ್ತದೆ. ಚೌಕಿ ಮನೆಯ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ: ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದು ನಡುವೆ ಚೌಕಾಕಾರದ ಆಕಾಶ. ಮಳೆ ನೀರು ಮನೆಯ ಮಧ್ಯಕ್ಕೇ ಬೀಳುತ್ತಿತ್ತು. ಹಂಡೆ, ಅಳತೆ ಸೇರು, ಸಂಬಾರ ಬಟ್ಟಲು, ರವಿವರ್ಮನ ಮುದ್ರಿತ ಚಿತ್ರಗಳು, ತಂಜಾವೂರು ಚಿತ್ರಗಳು ಎಲ್ಲ ಇವೆ.

ಒಬ್ಬರೇ ಅಡ್ಡಾಡಲು ಬಿಡುವುದಿಲ್ಲ, ಗೈಡ್ ಜೊತೆಯಲ್ಲೇ ಹೋಗಬೇಕು. ಫೋಟೋಗೂ ನಿಯಮ ಇದೆ. ಟಿಕೆಟ್ ಬೆಲೆ ಜಾಸ್ತಿ ಅನ್ನಿಸಬಹುದು. ಹಳೆ ಮರದ ಮನೆಗೆ ಗೆದ್ದಲು ಹತ್ತದಂತೆ, ಮಾಡು ಸೋರದಂತೆ ನೋಡಿಕೊಳ್ಳುವ ಖರ್ಚು ಎಷ್ಟು ಅಂತ ಹಳೆ ಮನೆ ಇರುವವರಿಗೆ ಗೊತ್ತು. ಯಾವ ದಿನ, ಯಾವ ಹೊತ್ತು ತೆರೆದಿರುತ್ತದೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕನಿಷ್ಠ ಅರ್ಧ ದಿನ ಇಟ್ಟುಕೊಳ್ಳಿ.

ಊರೊಳಗೆ ಬೇರೆ ಮ್ಯೂಸಿಯಂ ಇದೆಯಾ?

ನಾಣ್ಯಗಳ ಸಂಗ್ರಹಾಲಯ ಇದೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಶುರು ಮಾಡಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅವರ ಹಳೆಯ ಮನೆಯೇ ಈಗ ಸಂಗ್ರಹಾಲಯ. ನಾಣ್ಯ ನೋಡುವವರು ಮನೆಯನ್ನೂ ನೋಡಿ. ಎಂಜಿಎಂ ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ, ಸಾಹಿತ್ಯ, ಜಾನಪದದಲ್ಲಿ ಆಸಕ್ತಿ ಇರುವವರಿಗೆ. ಸಂಜೆ ಬಿಡುವಿದ್ದರೆ ಮಠದ ರಾಜಾಂಗಣಕ್ಕೆ ಹೋಗಿ. ಸಂಗೀತ, ಭರತನಾಟ್ಯ, ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಏನಾದರೊಂದು ನಡೆಯುತ್ತಿರುತ್ತದೆ, ದುಡ್ಡು ಕೊಡಬೇಕಿಲ್ಲ.

ಮಲ್ಪೆಯಲ್ಲಿ ಬೀಚು ಬಿಟ್ಟರೆ?

ಬಂದರು. ಬೆಳಗ್ಗೆ ಬೇಗ ಹೋಗಿ. ಬೋಟುಗಳಿಂದ ಮೀನು ಇಳಿಸುವುದು, ಹರಾಜು ಕೂಗುವುದು, ಬುಟ್ಟಿ ಹೊತ್ತ ಹೆಂಗಸರು ಬೆಲೆ ಜಗ್ಗಿ ಕೊಳ್ಳುವುದು ನೋಡಬಹುದು. ದಾರಿಗೆ ಅಡ್ಡ ನಿಲ್ಲಬೇಡಿ, ಅವರದ್ದು ಹೊಟ್ಟೆಪಾಡಿನ ಕೆಲಸ. ಜೂನ್, ಜುಲೈನಲ್ಲಿ ಮೀನುಗಾರಿಕೆಗೆ ರಜೆ, ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ. ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲಿ ಮಲ್ಪೆಯಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದರು. ಊರಿನ ಹಳೆ ಮನೆಗಳ ಕೆಂಪು ಹಂಚಿನ ಹಿಂದೆ ಆ ಕಥೆಯೂ ಇದೆ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ಬೋಟು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗಿ, ಕುಗ್ಗಿ, ಬಿರುಕುಬಿಟ್ಟು ಆರು ಮೂಲೆಯ ಕಂಬಗಳಾಗಿ ನಿಂತಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ, ಆ ಹೆಸರು ಅವನಿಂದ ಬಂತು ಅಂತ ಹೇಳುತ್ತಾರೆ. ಮಳೆಗಾಲದಲ್ಲಿ ಬೋಟು ಇಲ್ಲ. ಪ್ಲಾಸ್ಟಿಕ್ ಒಯ್ಯಬೇಡಿ, ಚಿಪ್ಪು ಆರಿಸಿ ತರಬೇಡಿ, ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ.

ಕಾಪು ದೀಪಸ್ತಂಭ 1901ರದ್ದು. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಮಂಡಿ ನೋವು ಇರುವವರು ಕೆಳಗೆ ಬಂಡೆಯ ಮೇಲೆ ಕೂತರೂ ನಷ್ಟ ಇಲ್ಲ.

ಇನ್ನೂ ಎರಡು ದಿನ ಇದ್ದರೆ ಸುತ್ತಮುತ್ತ ಎಲ್ಲಿಗೆ?

ಕಾರ್ಕಳದ ಬಾಹುಬಲಿ 1432ರದ್ದು, ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ಅಲ್ಲಿಂದ ಮೂಡುಬಿದಿರೆಗೆ ಹೋದರೆ 1430ರ ಸಾವಿರ ಕಂಬದ ಬಸದಿ. ಬಸದಿಯ ಕಂಬಗಳನ್ನು ಒಂದೊಂದಾಗಿ ನೋಡಿ, ಒಂದರ ಹಾಗೆ ಇನ್ನೊಂದಿಲ್ಲ. ಕಾರ್ಕಳದಿಂದ ಹೆಬ್ರಿ ಕಡೆಯ ವರಂಗದ ಕೆರೆ ಬಸದಿಗೆ ಹೋದರೆ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ.

ಬಾರ್ಕೂರು ಒಂದು ಕಾಲದಲ್ಲಿ ಆಳುಪರ ರಾಜಧಾನಿ. ಈಗ ಶಾಂತವಾದ ಹಳ್ಳಿ. ಕತ್ತಲೆ ಬಸದಿ, ಪಂಚಲಿಂಗೇಶ್ವರ, ಗದ್ದೆಯ ಅಂಚಿನ ಹಳೆ ಗುಡಿಗಳು. ಹೆಚ್ಚು ಜನ ಇರುವುದಿಲ್ಲ, ನನಗೆ ಇಷ್ಟವಾಗುವುದೂ ಅದಕ್ಕೇ. ಇನ್ನೂ ಉತ್ತರಕ್ಕೆ ಕೋಟ, ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಅದರ ಪಕ್ಕದ ಪಾರಂಪಳ್ಳಿಯ ಮೈಯ್ಯರೇ ಬೆಂಗಳೂರಿಗೆ ಬಂದು 1924ರಲ್ಲಿ ಎಂಟಿಆರ್ ಶುರು ಮಾಡಿದ್ದು.

ಕಂಬಳ ನವೆಂಬರ್‌ನಿಂದ ಮಾರ್ಚ್, ಏಪ್ರಿಲ್‌ವರೆಗೆ ವಾರಾಂತ್ಯಗಳಲ್ಲಿ. ಕಟಪಾಡಿಯ ಕಂಬಳ ಉಡುಪಿಗೆ ಹತ್ತಿರ.

ಏನು ತಿನ್ನಬೇಕು, ಏನು ತರಬೇಕು?

ಮಠದಲ್ಲಿ ಮಧ್ಯಾಹ್ನ ನೆಲದ ಮೇಲೆ ಕೂತು ಊಟ ಮಾಡಿ. ರಥಬೀದಿಯ ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್. ಗಡ್‌ಬಡ್ ಐಸ್‌ಕ್ರೀಂ ಹುಟ್ಟಿದ್ದು ಇಲ್ಲಿನ ಡಯಾನಾ ಹೋಟೆಲಿನಲ್ಲಿ ಅಂತ ಊರಿನವರಿಗೆ ಹೆಮ್ಮೆ. ಮೀನೂಟಕ್ಕೆ ಮಲ್ಪೆ ಕಡೆ ಹೋಗಿ.

ತರುವುದಾದರೆ ಉಡುಪಿ ಸೀರೆ ತನ್ನಿ. ಕೈಮಗ್ಗದ ಹತ್ತಿ ಸೀರೆ, ಹಗುರ, ಬೆಂಗಳೂರಿನ ಬೇಸಿಗೆಗೆ ಹೇಳಿ ಮಾಡಿಸಿದ ಹಾಗೆ. ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಮಗ್ಗದ ಮುಂದೆ ಕೂರುವವರು ಬೆರಳೆಣಿಕೆಗೆ ಇಳಿದಿದ್ದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ಕದಿಕೆ ಟ್ರಸ್ಟ್‌ನವರ ಕೆಲಸದಿಂದ ಹಳಬರು ವಾಪಸ್ ಬಂದರು, ಹೊಸಬರು ಕಲಿತರು. ಅಲ್ಲಿಗೆ ಹೋದರೆ ನೇಯುವವರನ್ನು ಕಂಡು ಅವರಿಂದಲೇ ಕೊಳ್ಳಬಹುದು. ಚೌಕಾಸಿ ಮಾಡಬೇಡಿ. ಒಂದು ಸೀರೆಗೆ ನೂಲು ಸುತ್ತಿ, ಗಂಜಿ ಹಾಕಿ, ಹಾಸು ಹೂಡಿ, ನೇಯ್ದು ಮುಗಿಸಲು ಎಷ್ಟು ದಿನ ಹಿಡಿಯುತ್ತದೆ ಅಂತ ಅವರನ್ನೇ ಕೇಳಿ ನೋಡಿ.

ಶಂಕರಪುರ ಮಲ್ಲಿಗೆ ಬಾಳೆ ನಾರಿನಲ್ಲಿ ಕಟ್ಟಿ ಅಟ್ಟೆ, ಚೆಂಡು ಲೆಕ್ಕದಲ್ಲಿ ಮಾರುತ್ತಾರೆ. ಬೆಲೆ ಪ್ರತಿದಿನ ಬದಲಾಗುತ್ತದೆ, ಮದುವೆ, ಕೋಲದ ಕಾಲದಲ್ಲಿ ಕೈ ಸುಡುತ್ತದೆ. ರಾತ್ರಿ ಬಸ್ಸಿಗೆ ಮುಂಚೆ ಕೊಂಡರೆ ಬೆಳಗ್ಗೆ ಬೆಂಗಳೂರಿನಲ್ಲೂ ಘಮ್ಮೆನ್ನುತ್ತದೆ. ಮಟ್ಟು ಗುಳ್ಳ ಸಿಕ್ಕಿದರೆ ಒಂದೆರಡು ಕಿಲೋ ತನ್ನಿ. ತಿಳಿ ಹಸಿರು ದುಂಡು ಬದನೆ, ವಾದಿರಾಜರು ಕೊಟ್ಟ ಬೀಜ ಅಂತ ಮಟ್ಟು ಊರಿನವರು ನಂಬುತ್ತಾರೆ. ಹುಳಿಗೆ ಹಾಕಿ, ಕರಗಿ ಹೋಗದ ಹಾಗೆ ಕೊನೆಗೆ ಹಾಕಿ.

ನಮಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ ಮಾತ್ರ. ಮಳೆಯಲ್ಲಿ ಬಂದು ಪ್ರಯೋಜನ ಇದೆಯಾ?

ಇದೆ. ದ್ವೀಪ, ಕಂಬಳ, ಬಯಲಾಟ ಇರುವುದಿಲ್ಲ ಅಷ್ಟೆ. ಮಠ, ಹಸ್ತಶಿಲ್ಪ, ನಾಣ್ಯ ಸಂಗ್ರಹಾಲಯ, ಬಸದಿಗಳು ಇದ್ದೇ ಇವೆ. ಮಳೆಗಾಲ ತಾಳಮದ್ದಳೆಯ ಕಾಲ ಕೂಡ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಎದುರು ಕೂತ ನಾಲ್ಕೈದು ಅರ್ಥಧಾರಿಗಳು, ಹೊರಗೆ ಧೋ ಅಂತ ಮಳೆ. ಮಾತಿನ ರುಚಿ ಗೊತ್ತಿರುವವರಿಗೆ ಆಟಕ್ಕಿಂತ ಇದೇ ಹೆಚ್ಚು.

ಈ ವರ್ಷ ಹೋಗಲು ಆಗುವುದೇ ಇಲ್ಲ. ಬೆಂಗಳೂರಿನಲ್ಲೇ ಏನಾದರೂ ಸಿಗುತ್ತಾ?

ಕರಾವಳಿಯ ಮೇಳಗಳು ಮಳೆಗಾಲದಲ್ಲಿ ಬೆಂಗಳೂರಿಗೆ ಬರುತ್ತವೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಶನಿವಾರ ರಾತ್ರಿಯ ಆಟಗಳ ಪೋಸ್ಟರ್ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ನಗರದ ದರ್ಶಿನಿಗಳ ಗಲ್ಲಾಪೆಟ್ಟಿಗೆಯ ಪಕ್ಕದ ಗೋಡೆಯನ್ನೂ ನೋಡಿ, ಕುಂದಾಪುರ, ಉಡುಪಿ ಕಡೆಯ ಮಾಲೀಕರಾದರೆ ಅಲ್ಲೇ ಅಂಟಿಸಿರುತ್ತಾರೆ. 2023ರ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ಕಂಬಳವೂ ನಡೆದಿತ್ತು. ಕಲಾಕ್ಷೇತ್ರದಲ್ಲಿ ಆಟ ನೋಡುವುದಾದರೆ ಮೂರನೆಯ ಸಾಲಿನೊಳಗೆ ಟಿಕೆಟ್ ತೆಗೆದುಕೊಳ್ಳಿ, ಭಾಗವತರ ಕಡೆಗೆ. ಚೆಂಡೆಯವರು ಮತ್ತು ವೇಷಧಾರಿಗಳು ಕಣ್ಣಲ್ಲೇ ಮಾತಾಡಿಕೊಳ್ಳುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.